ಇಲಿಗೆ ಅತ್ತೆ ಕಾಟ ಇರತ್ತಾ?

ಹೋದ ತಿಂಗಳು ಊರಿಗೆ ಹೋದಾಗ ಅಮ್ಮನ ಅಡುಗೆಮನೆಯಲ್ಲಿ ಹೊಸ ಡಬ್ಬಿಯೊಂದು ಕೂತಿತ್ತು. ಯಾರೋ ನೆಂಟರು ತಂದುಕೊಟ್ಟ ಪುಡಿ. 'ಇಮ್ಯೂನಿಟಿ ಹೆಚ್ಚಿಸುತ್ತದೆ, ಕೀಲುನೋವು ಓಡಿಸುತ್ತದೆ' ಅಂತ ಬರೆದಿತ್ತು. ಎರಡು ಮಾತೂ ಒಂದೇ ಡಬ್ಬಿ ಮೇಲೆ! ಮೊದಲು ನಗು ಬಂತು, ಆಮೇಲೆ ಸಿಟ್ಟು.

2006ರ ಚಿಕುನ್‌ಗುನ್ಯಾ ನೆನಪಿದೆಯಲ್ವಾ? ಆ ವರ್ಷ ಕರ್ನಾಟಕದಲ್ಲೇ 7 ಲಕ್ಷಕ್ಕೂ ಜಾಸ್ತಿ ಶಂಕಿತ ಪ್ರಕರಣ. ತುಮಕೂರು ಕಡೆಯ ನಮ್ಮೂರಲ್ಲಿ ಮನೆಗೊಬ್ಬರು ಗೋಡೆ ಹಿಡಿದು ನಡೆಯುತ್ತಿದ್ದರು. ಹೆಸರು ಕೇಳಿಯೇ ಇದು ಕೋಳಿಯಿಂದ ಬರೋದು ಅಂದುಕೊಂಡು ಕೋಳಿ ತಿನ್ನೋದು ಬಿಟ್ಟವರಿದ್ದರು. ಬರುವುದು ಸೊಳ್ಳೆಯಿಂದ. ಹೆಸರು ಆಫ್ರಿಕಾದ ಮಕೊಂಡೆ ಭಾಷೆಯದ್ದು, ಬಗ್ಗಿಹೋಗುವುದು ಅಂತ ಅರ್ಥ. ಇಟ್ಟವರು ಸರಿಯಾಗೇ ಇಟ್ಟಿದ್ದಾರೆ.

ಅಮ್ಮನಿಗೆ ಜ್ವರ ಇದ್ದಿದ್ದು ನಾಲ್ಕೇ ದಿನ. ನೋವು ಮಾತ್ರ ಹೋಗಲಿಲ್ಲ. ಬೆಳಿಗ್ಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಹಿಟ್ಟಿನ ಕೋಲು ಹಿಡಿದು ನಾಲ್ಕು ಸುತ್ತು ತೊಳಸುವಷ್ಟರಲ್ಲಿ ಕೋಲು ಬಿಟ್ಟು, ಕೈಯನ್ನು ಸೆರಗಲ್ಲಿ ಸುತ್ತಿಕೊಂಡು ಒಲೆ ಮುಂದೆ ಸುಮ್ನೆ ಕೂತುಬಿಡುತ್ತಿದ್ದಳು. ತೋರಿಸಿದ ಕಡೆಯೆಲ್ಲ ರಿಪೋರ್ಟ್ ನಾರ್ಮಲ್. "ಮನಸ್ಸಿಗೆ ಹಚ್ಚಿಕೊಂಡಿದ್ದೀರಿ, ಅಷ್ಟೇ" ಅಂದರು ಒಬ್ಬ ಡಾಕ್ಟರ್. ಅಪ್ಪ ಅದನ್ನೇ ಹಿಡಿದುಕೊಂಡರು.

ನಡೆಯುವುದು ಹೀಗೆ. ವೈರಸ್ಸನ್ನು ಓಡಿಸಲು ಕೀಲಿಗೆ ಬಂದ ರಕ್ಷಣಾ ಕಣಗಳು ಕೆಲವರಲ್ಲಿ ವಾಪಸ್ ಹೋಗುವುದೇ ಇಲ್ಲ. ಜಾತ್ರೆ ಬಂದೋಬಸ್ತಿಗೆ ಬಂದ ಪೊಲೀಸರು ತೇರು ಎಳೆದು ತಿಂಗಳಾದರೂ ಊರಲ್ಲೇ ಠಿಕಾಣಿ ಹೂಡಿ, ಹೋಗೋ ಬರೋರಿಗೆಲ್ಲ ಲಾಠಿ ಬೀಸಿದ ಹಾಗೆ. ಆ ಕಣಗಳು ಬಿಡುವ ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಥರದ ರಾಸಾಯನಿಕಗಳು ಊತ ತರುವುದಷ್ಟೇ ಅಲ್ಲ, ನೋವಿನ ನರಗಳನ್ನೂ ಕೆಣಕುತ್ತವೆ. ಕೆರಳಿದ ನರಕ್ಕೆ ಬಟ್ಟೆ ಹಿಂಡುವುದೂ ಪೆಟ್ಟೇ. ಅಮ್ಮನ ನೋವಿನಲ್ಲಿ ಈಗ ವಯಸ್ಸಿನ ಪಾಲೂ ಇರಬಹುದು, ಇಲ್ಲ ಅನ್ನಲ್ಲ.

ಇದಕ್ಕಿಂತ ನನ್ನನ್ನು ಅಲ್ಲಾಡಿಸಿದ್ದು 2021ರ ಒಂದು ಪ್ರಯೋಗ. ಫೈಬ್ರೊಮಯಾಲ್ಜಿಯಾ ಅಂತ ಒಂದು ಕಾಯಿಲೆ. ಮೈಯೆಲ್ಲ ನೋವು, ರಿಪೋರ್ಟಲ್ಲಿ ಏನೂ ಕಾಣಲ್ಲ. ಬರುವುದು ಹೆಂಗಸರಿಗೇ ಜಾಸ್ತಿ, ಹಾಗಾಗಿ 'ನಾಟಕ' ಅನ್ನಿಸಿಕೊಂಡಿದ್ದೂ ಜಾಸ್ತಿ. ಲಂಡನ್ನಿನ ಕಿಂಗ್ಸ್ ಕಾಲೇಜು, ಲಿವರ್‌ಪೂಲ್, ಸ್ವೀಡನ್ನಿನ ಸಂಶೋಧಕರು ಸೇರಿ ಇಂಥ ರೋಗಿಗಳ ರಕ್ತದ ಪ್ರತಿಕಾಯಗಳನ್ನು (ಆಂಟಿಬಾಡಿ, ಇವೂ ಇಮ್ಯೂನಿಟಿಯ ಪಡೆಯವೇ) ಇಲಿಗಳಿಗೆ ಚುಚ್ಚಿದರು. ಸ್ವಲ್ಪ ಒತ್ತಿದರೂ, ತಣ್ಣಗಿನದು ತಾಗಿದರೂ ಇಲಿಗಳು ತಡೆಯದಾದವು. ಹಿಡಿತದ ಬಲವೂ ಕುಗ್ಗಿತು. ಆರೋಗ್ಯವಾಗಿದ್ದವರ ಪ್ರತಿಕಾಯ ಪಡೆದ ಇಲಿಗಳು ಆರಾಮಾಗಿದ್ದವು. ಈಗ ಹೇಳಿ, ಇಲಿಗೆ ಗಂಡನ ಮೇಲೆ ಮುನಿಸಿರತ್ತಾ? ಅತ್ತೆ ಕಾಟ ಇರತ್ತಾ?

ಹಾಗಂತ ಇಮ್ಯೂನಿಟಿಯೇ ಖಳನಾಯಕ ಅಲ್ಲ. 2022ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಸೊಂಟನೋವಿನವರ ರಕ್ತ ಪರೀಕ್ಷಿಸಿದರು. ಶುರುವಿನಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಜೋರಾಗಿ ಕೆಲಸ ಮಾಡಿದವರ ನೋವೇ ಮೂರು ತಿಂಗಳೊಳಗೆ ಹೋಗಿತ್ತು. ಪೊಲೀಸರು ಬರಬೇಕು, ಕೆಲಸ ಮುಗಿಸಿ ಹೊರಡಬೇಕು. (ಇದನ್ನು ಓದಿ ಊತ ಇಳಿಸುವ ಮಾತ್ರೆ ನಿಲ್ಲಿಸಬೇಡಿ ಮತ್ತೆ!) ಸಂಧಿವಾತದಲ್ಲಿ ಡಾಕ್ಟರು ಮೆಥೊಟ್ರೆಕ್ಸೇಟ್ ಎಂಬ ಔಷಧಿ ಕೊಡುವುದು ಇಮ್ಯೂನಿಟಿ ಏರಿಸಲು ಅಲ್ಲ, ತಗ್ಗಿಸಲು. ಊರು ಬಿಡದ ಪೊಲೀಸರ ಜೊತೆಗೆ ಇನ್ನೊಂದು ವ್ಯಾನು ತುಂಬ ಪೊಲೀಸರನ್ನು ಕಳಿಸ್ತೀನಿ ಅನ್ನುತ್ತದೆ ಈ ಡಬ್ಬಿ.

ಅಮ್ಮನಿಗೂ ಪೊಲೀಸರ ಕಥೆಯನ್ನೇ ಹೇಳಿದೆ. ಪೂರ್ತಿ ಕೇಳಿ, "ಇದನ್ನ ನಿಮ್ಮಪ್ಪನಿಗೂ ಒಂದ್ಸಲ ಹೇಳು" ಅಂದಳು. ಪೇಪರ್ ಹಿಂದಿದ್ದ ಅಪ್ಪ ತುಟಿ ಬಿಚ್ಚಲಿಲ್ಲ.

ಪುಡಿ ಹಿತ್ತಲು ಸೇರಿತು. ಡಬ್ಬಿ ಚೆನ್ನಾಗಿದೆ ಅಂತ ಅಮ್ಮ ಸಾಸಿವೆ ತುಂಬಿಟ್ಟಿದ್ದಾಳೆ. ಮುಚ್ಚಳ ಬಲು ಬಿಗಿ. ಬೆಳಿಗ್ಗೆ ಹೊತ್ತು ಈಗ ಅಪ್ಪನೇ ತೆಗೆದುಕೊಡುತ್ತಾರೆ.