ಚಪ್ಪಡಿಯೇ ಗರಡಿಮನೆ

ಅರವತ್ತೈದು ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಬೇಕು, ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು, ಬೀಳದಂತಿರಲು ಮೂರು ದಿನ ಸಮತೋಲನವನ್ನೂ ಅಭ್ಯಾಸ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ಈ ಮೂರನ್ನೂ ಒಂದೇ ಕಾಮಗಾರಿಯಲ್ಲಿ ಸಾಧಿಸಿದ ಊರು ಬೆಂಗಳೂರು. ಆ ಕಾಮಗಾರಿಗೆ ಪಾದಚಾರಿ ಮಾರ್ಗವೆಂದು ಹೆಸರು.

ಕಾಲುದಾರಿ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅದರ ಅಂಚು 150 ಮಿಲಿಮೀಟರಿಗಿಂತ ಎತ್ತರವಿರಬಾರದು ಎನ್ನುತ್ತದೆ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ. ಅಷ್ಟು ಸಲೀಸಾದ ದಾರಿಯಲ್ಲಿ ನಡೆದರೆ ವಯಸ್ಸಿನೊಂದಿಗೆ ಕರಗುವ ತೊಡೆಯ ಸ್ನಾಯು ಉಳಿಯುವುದಾದರೂ ಹೇಗೆ? ಈ ಕಾಳಜಿಯಿಂದಲೇ ಇರಬೇಕು, ನಮ್ಮ ಬೀದಿಯಲ್ಲಿ ಪ್ರತಿ ಮನೆಯ ಕಾರು ಹತ್ತುವ ಇಳಿಜಾರಿನ ಬಳಿ ಒಮ್ಮೆ ಇಳಿದು, ಮುಂದಿನ ಮನೆಯ ಮುಂದೆ ಮೊಣಕಾಲೆತ್ತರಕ್ಕೆ ಹತ್ತಿ, ಚರಂಡಿಯ ಮೇಲೆ ಅಲ್ಲಾಡುವ ಚಪ್ಪಡಿಯನ್ನು ಉಸಿರು ಬಿಗಿಹಿಡಿದು ದಾಟಿ, ಟ್ರಾನ್ಸ್‌ಫಾರ್ಮರಿಗೂ ಕಾಂಪೌಂಡಿಗೂ ನಡುವೆ ಏಡಿಯಂತೆ ಅಡ್ಡಡ್ಡ ಸಾಗುವ ವ್ಯವಸ್ಥೆ ಮಾಡಲಾಗಿದೆ. ಹಿಂದಿನಿಂದ ಹಾರ್ನ್ ಬಾರಿಸುತ್ತ ಅದೇ ಚಪ್ಪಡಿಯ ಮೇಲೆ ಬರುವ ಸ್ಕೂಟರಿನವನು, ಸಂಬಳವಿಲ್ಲದೆ ದುಡಿಯುವ ತರಬೇತುದಾರ. ಒಂದಿದ್ದ ಪಾಲಿಕೆ 2025ರಲ್ಲಿ ಐದಾಯಿತು. ಐದರಲ್ಲಿ ಒಂದೂ ಈ ಪಠ್ಯಕ್ರಮವನ್ನು ಬದಲಿಸುವ ದುಸ್ಸಾಹಸಕ್ಕೆ ಕೈಹಾಕಿದಂತಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಕ್ಕು ಸಿಕ್ಕಿತು, ಜೀವ ಮಾತ್ರ ಅವರವರ ಕೈಯಲ್ಲಿ.

ಇಷ್ಟನ್ನೂ ದಾಟಿ ಉದ್ಯಾನ ತಲುಪಿದವರಿಗೆ ಬಹುಮಾನವಾಗಿ ನೀಲಿ, ಹಳದಿ ಬಣ್ಣದ ಕಬ್ಬಿಣದ ಯಂತ್ರಗಳು ಕಾದಿರುತ್ತವೆ. ಅವುಗಳಲ್ಲಿ ಅತಿ ಜನಪ್ರಿಯವಾದದ್ದರ ಮೇಲೆ ನಿಂತರೆ ಕಾಲುಗಳು ತೊಟ್ಟಿಲಿನಂತೆ ತಮ್ಮಷ್ಟಕ್ಕೇ ತೂಗುತ್ತವೆ. ಸ್ನಾಯುವಿಗೆ ಬೇಕಾದ ಭಾರವೊಂದನ್ನು ಬಿಟ್ಟು ಮಿಕ್ಕೆಲ್ಲ ಸುಖವೂ ಅಲ್ಲಿದೆ. (ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂತರೆ ಇದಕ್ಕಿಂತ ಹೆಚ್ಚು ಲಾಭವೆಂಬುದು ನನ್ನ ಅಭಿಪ್ರಾಯ, ಆದರೆ ಕುರ್ಚಿಯನ್ನು ಟೇಪು ಕತ್ತರಿಸಿ ಉದ್ಘಾಟಿಸಲು ಬರುವುದಿಲ್ಲ.) ಬಳಸುವ ಕ್ರಮವನ್ನು ಬರೆದ ಅಕ್ಷರಗಳು ಕನ್ನಡಕಕ್ಕೂ ನಿಲುಕವು, ಅನುದಾನ ಕೊಟ್ಟವರ ಹೆಸರು ರಸ್ತೆಯಾಚೆಯಿಂದಲೂ ಕಾಣುತ್ತದೆ.

ನೆರೆಮನೆಯ ನಿವೃತ್ತ ಮೇಷ್ಟ್ರು ಕಳೆದ ಮಳೆಗಾಲದಲ್ಲಿ ಉದ್ಯಾನಕ್ಕೆ ಹೊರಟವರು ಎರಡನೆಯ ಚಪ್ಪಡಿಯಲ್ಲೇ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾದ ಮರುದಿನವೇ ಅವರನ್ನು ವಾಕರ್ ಹಿಡಿಸಿ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ನಡೆಸತೊಡಗಿದರು. ತಗ್ಗಿಲ್ಲ, ದಿಬ್ಬವಿಲ್ಲ, ಸ್ಕೂಟರಿಲ್ಲ, ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ. ಬಿಡುಗಡೆಯ ದಿನ ಮನೆಯವರು ಬಿಲ್ಲು ಕಟ್ಟುತ್ತಿದ್ದಾಗ ಮೇಷ್ಟ್ರು ನರ್ಸಮ್ಮನನ್ನು ಮೆಲ್ಲಗೆ ಕೇಳಿದರಂತೆ: “ದಿನಾ ಬೆಳಿಗ್ಗೆ ಇಲ್ಲಿಗೇ ವಾಕಿಂಗ್ ಬರಬಹುದೇನಮ್ಮಾ?”