ಮೈ ತುರಿಸುವ ಮಳೆಗಾಲ

ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಕೋಳಿ ಸಾಕಿದ ಮನೆಗೆ ನೆಂಟರು ಬರುವುದು ಕಡಿಮೆ. ಮಳೆ ಕಾರಣ ಎನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ಜಗಲಿಯಲ್ಲಿ ಕೂತು ಕಾಫಿ ಲೋಟ ಹಿಡಿದ ಸ್ವಲ್ಪ ಹೊತ್ತಿಗೇ ಅವರ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ, ಆಮೇಲೆ ಮೊಣಕೈಗೆ, ಆಮೇಲೆ ನಾಲ್ಕು ಜನರೆದುರು ಕೈ ಹಾಕಬಾರದ ಕಡೆಗೆ. "ನಿಮ್ಮಲ್ಲಿ ಕೋಳಿ ಇದಾವಲ್ಲ?" ಎಂದು ಮೆಲ್ಲಗೆ ಕೇಳುತ್ತಾರೆ. ಇದಾವೆ. ಕೋಳಿ ಮಾತ್ರ ಅಲ್ಲ.

ಈ ಸಲ ಮೊದಲು ಸುಳಿವು ಕೊಟ್ಟಿದ್ದು ಕೋಳಿಗಳೇ. ಸಂಜೆಯಾಯಿತೆಂದರೆ ಯಾರೂ ಕರೆಯದೆ ಗೂಡು ಸೇರುತ್ತಿದ್ದಂಥವು ಈಗ ಬಾಗಿಲಲ್ಲಿ ನಿಂತು, ಒಳಗೆ ಇಣುಕಿ, ಬೇಡವೆಂದು ತೀರ್ಮಾನಿಸಿ ಹಿತ್ತಲಿನ ಹಲಸಿನ ಮರಕ್ಕೆ ಹಾರತೊಡಗಿದವು. ಅದೂ ಸುರಿಯುವ ಮಳೆಯಲ್ಲಿ. ಕಬ್ಬೆಕ್ಕಿನ ಭಯಕ್ಕೆ ನಮ್ಮ ಮನೆಯವರು ಏಣಿ ಹಾಕಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬ್ಯಾಟರಿ ಹಿಡಿದುಕೊಂಡ ಮನುಷ್ಯನಿಗೆ ಕೋಳಿ ಹಿಡಿಯಲು ಉಳಿಯುವುದು ಬಾಯಿ ಮಾತ್ರ. ಅದರಲ್ಲೇ ಬಹಳ ಹೊತ್ತು "ಬಾ ಬಾ ಬಾ" ಎಂದು ಬೇಡಿಕೊಂಡು, ಒದ್ದೆ ಮುದ್ದೆಯಾಗಿ ಒಬ್ಬರೇ ಇಳಿದು ಬಂದರು.

"ಗೂಡಿಗೆ ಎಂಥದೋ ಸೋಕಿದೆ. ಚೌಡಿ ಹರಕೆ ಹಾಗೇ ಉಳಿದಿದೆಯಲ್ಲ, ಅದಕ್ಕೇ" ಎಂದರು ಅತ್ತೆ. ಗುಂಪಿನಲ್ಲೇ ದೊಡ್ಡ ಕೆಂಪು ಹುಂಜ ಚೌಡಿಯದು. ಅದನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ, ಅಡುಗೆಮನೆಗೆ ನುಗ್ಗಿದರೂ ಗೌರವದಿಂದಲೇ ಹೊರಗೆ ಕಳಿಸಬೇಕು. ಈ ವಿಷಯ ಅದಕ್ಕೆ ಹೇಗೋ ಗೊತ್ತಾಗಿಬಿಟ್ಟಿದೆ.

ಚೌಡಿಯ ತಪ್ಪಿಲ್ಲವೆಂದು ತಿಳಿದಿದ್ದು ಮಾರನೇ ದಿನ ಮುಂಜಾನೆ ಕತ್ತಲಲ್ಲಿ ಮೊಟ್ಟೆ ತೆಗೆಯಲು ಗೂಡಿಗೆ ಕೈ ಹಾಕಿದಾಗ. ಹೊರಗೆ ತೆಗೆದರೆ ಮುಂಗೈ ಮೇಲೆ ರಾಗಿ ಹಿಟ್ಟು ಚೆಲ್ಲಿದ ಹಾಗಿತ್ತು. ಹಿಟ್ಟು ಮೊಣಕೈ ಕಡೆ ನಡೆದುಕೊಂಡು ಹೊರಟಿತ್ತು.

ಕೋಳಿಹೇನು! ಆ ಹೆಸರು ಕೇಳಿದ ಕ್ಷಣದಿಂದ ಮನೆಯಲ್ಲಿ ತುರಿಸಿಕೊಳ್ಳದವರೇ ಇಲ್ಲ. ಗೂಡಿನ ಹತ್ತಿರವೂ ಸುಳಿಯದ ಮಗ ಶಿವಮೊಗ್ಗದ ಹಾಸ್ಟೆಲಿನಿಂದ ಫೋನಿನಲ್ಲೇ ತುರಿಸಿಕೊಂಡ. ಇವರು ಸೊಸೈಟಿ ಸಭೆಗೆ ಹೋದವರು ಬೆನ್ನು ಕೆರೆದುಕೊಳ್ಳಲು ಕೈ ಎತ್ತಿದ್ದನ್ನೇ ಅಧ್ಯಕ್ಷರು ಅನುಮೋದನೆ ಎಂದು ಬರೆಸಿಬಿಟ್ಟರಂತೆ. ಯಾವ ಠರಾವಿಗೆ ಅನುಮೋದಿಸಿದ್ದೆಂದು ಇವರಿಗೆ ಇವತ್ತಿಗೂ ಗೊತ್ತಿಲ್ಲ.

ಸಲಹೆಗಳಿಗೆ ಬರವಿರಲಿಲ್ಲ. ಮೇಲಿನಮನೆ ಅಕ್ಕ ಲಕ್ಕಿ ಸೊಪ್ಪು ಹಾಸಲು ಹೇಳಿದಳು. ಇದನ್ನು ನಾನು ಒಪ್ಪುತ್ತೇನೆ. ಕಾವಿಗೆ ಕೂತ ಹ್ಯಾಟೆ ಕೋಳಿಯ ಕೆಳಗೆ ನಮ್ಮ ಅತ್ತೆ ಲಕ್ಕಿ ಸೊಪ್ಪಿಡದ ವರ್ಷವಿಲ್ಲ, ಆ ಘಾಟಿಗೆ ಹುಳ ಸ್ವಲ್ಪವಾದರೂ ಹಿಂದೆ ಸರಿಯುತ್ತದೆ. ಆದರೆ ಆಗಲೇ ಬೀಡುಬಿಟ್ಟ ಸೈನ್ಯಕ್ಕೆ ಅದು ಸಾಲದು. ಕೆಳಗಿನಮನೆ ಅಣ್ಣಯ್ಯ ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸಲು ಹೇಳಿದ. ಮನೆಯಲ್ಲಿ ಹೊಗೆಸೊಪ್ಪು ಇರುವುದು ಅತ್ತೆಯ ಎಲೆಅಡಿಕೆ ಸಂಚಿಯಲ್ಲಿ ಮಾತ್ರ. "ಕೋಳಿಗೆ ಕೊಟ್ಟು ನಾನು ಎಂಥ ಹಾಕ್ಕೊಳ್ಲಿ?" ಎಂದು ಅವರು ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಲ್ಲಿಗೆ ಆ ಚಿಕಿತ್ಸೆ ಮುಗಿಯಿತು.

ಇವರ ತಲೆ ಓಡಿದ್ದು ಅಡಿಕೆ ಕಡೆಗೆ. ತೋಟಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ ತಂದಿಟ್ಟಿದ್ದರಲ್ಲ, "ಬೋರ್ಡೋನೇ ಕೋಳಿಗೂ ಹೊಡೆದುಬಿಡ್ತೀನಿ" ಎಂದರು. ಅದು ಕೊಳೆರೋಗದ ಬೂಸ್ಟಿಗೆ ಮಾರಾಯ್ರೇ, ಹುಳಕ್ಕಲ್ಲ ಎಂದು ತಡೆದೆ. ನೀಲಿ ಕೋಳಿ ನೋಡುವ ಯೋಗ ಊರಿಗೆ ತಪ್ಪಿತು. ಅದಕ್ಕೆ ಬದಲು ಸ್ನಾನ ಮಾಡಿಸುತ್ತೇನೆಂದು ಹೊರಟರು.

ಬಚ್ಚಲ ಹಂಡೆಯ ಬಿಸಿನೀರು, ಬೇವಿನ ಸೋಪು. ಮೊದಲ ಹ್ಯಾಟೆ ಕೋಳಿ ಆಶ್ಚರ್ಯದಲ್ಲಿ ಸುಮ್ಮನಿತ್ತು. ಎರಡನೆಯದು ಮೊದಲನೆಯದನ್ನು ನೋಡಿ ಎಲ್ಲ ಅರ್ಥ ಮಾಡಿಕೊಂಡು ಸೋಪಿನ ನೊರೆ ಸಮೇತ ಜಗಲಿ, ನಡುಮನೆ, ದೇವರ ಕೋಣೆ ಸುತ್ತಿ ಅಟ್ಟ ಹತ್ತಿತು. ಚೌಡಿಯ ಹುಂಜದ ಸರದಿ ಬಂದಾಗ ಇವರು ಮೊದಲು ಕೈ ಮುಗಿದರು. ಅದು ಆ ಕೈಗೇ ಕುಕ್ಕಿತು. ಕಡೆಗೆ ಮಳೆಗಾಲದಲ್ಲಿ ಒದ್ದೆ ಕೋಳಿ ಒಣಗುವುದೆಲ್ಲಿ? ಬಚ್ಚಲ ಒಲೆಯ ಮುಂದೆ ಎಲ್ಲವನ್ನೂ ಸಾಲಾಗಿ ಕೂರಿಸಿದ್ದಾಯಿತು. ಆವತ್ತು ಮನೆಯಲ್ಲಿ ಬಿಸಿನೀರು ಸ್ನಾನ ಕೋಳಿಗಳಿಗೆ ಮಾತ್ರ.

ಹಸುವಿಗೆ ಇಂಜೆಕ್ಷನ್ ಕೊಡಲು ಬಂದ ಪಶು ಡಾಕ್ಟ್ರು ಈ ಸಾಲು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಲ್ಲ ಗೌಡ್ರೆ, ಕೋಳಿ ಯಾಕೆ ತೊಳೆದ್ರಿ? ಹಗಲಲ್ಲಿ ಇವು ಕೋಳಿ ಮೇಲೆ ಇರೋದೇ ಅಪರೂಪ." ಗೂಡಿಗೆ ಹೋಗಿ ಅಡಿಕೆ ಮರ ಸೀಳಿ ಮಾಡಿದ ಒಂದು ದಬ್ಬೆ ಎತ್ತಿದರು. ಅದರ ಅಡಿಯಲ್ಲಿ ಇಡೀ ಊರೇ ಇತ್ತು. ಇದು ಹೇನಲ್ಲ, ನುಸಿಯ ಜಾತಿ. ಹೇನಿಗೆ ಆರು ಕಾಲು, ಇದಕ್ಕೆ ಎಂಟು ಎಂದರು. ಮೈಮೇಲೆ ಹರಿಯುವಾಗ ಯಾರು ಎಣಿಸುತ್ತಾರೆ? ಹಗಲೆಲ್ಲ ಸಂದಿಯಲ್ಲಿ ನಿದ್ದೆ, ರಾತ್ರಿ ಕೋಳಿ ಕೂತ ಮೇಲೆ ಬಂದು ರಕ್ತ ಹೀರಿ ವಾಪಸ್. ಹಸಿದಾಗ ಬೂದು ಬಣ್ಣ, ಉಂಡ ಮೇಲೆ ಕೆಂಪು. ಬೆಚ್ಚಗಿದ್ದರೆ ಮೊಟ್ಟೆಯಿಂದ ಅಜ್ಜಿಯಾಗಲು ಒಂದೆರಡು ವಾರ ಸಾಕು. ಗೂಡು ಖಾಲಿ ಬಿಟ್ಟು ಉಪವಾಸ ಕೆಡವುತ್ತೇವೆ ಎಂದರೆ ತಿಂಗಳುಗಟ್ಟಲೆ ಏನೂ ತಿನ್ನದೆ ಕಾಯುವ ಜೀವ. ಮನುಷ್ಯರ ಮೈಯಲ್ಲಿ ಮಾತ್ರ ಸಂಸಾರ ಹೂಡುವುದಿಲ್ಲ, ರುಚಿ ನೋಡಿ ಹೋಗುತ್ತದೆ. ನಾವು ಪ್ರೀತಿಯಿಂದ ದಬ್ಬೆ, ಬಿದಿರು, ಹಗ್ಗ ಕಟ್ಟಿ ಮಾಡಿದ ಗೂಡಿನಲ್ಲಿ ಕೋಳಿಗಿಂತ ಅದಕ್ಕೇ ಹೆಚ್ಚು ಕೋಣೆಗಳಿದ್ದವು.

ಗೂಡು ಬಿಚ್ಚಿದೆವು. ಹಳೆ ದಬ್ಬೆಗಳನ್ನು ಬಚ್ಚಲ ಒಲೆಗೆ ಹಾಕೋಣವೆಂದರೆ ಮನೆಯೊಳಗೆ ತರಕೂಡದೆಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಅವರು ಹೇಳಿದ್ದು ಸರಿಯೇ. ಅಂಗಳದಂಚಲ್ಲಿ ಟಾರ್ಪಾಲಿನ ಕೆಳಗೆ ಸೀಮೆಎಣ್ಣೆ ಸುರಿದು ಸುಟ್ಟಿದ್ದಕ್ಕೆ ಬೆಂಕಿಗಿಂತ ಹೊಗೆ ಹೆಚ್ಚು ಬಂತು. ಟಾರ್ಪಾಲಿಗೆ ಈಗ ಒಂದು ಕಿಟಕಿಯಿದೆ. ಉಳಿದ ಮರಕ್ಕೆ ಕುದಿನೀರು, ಗೋಡೆಗೆ ತೋಟದ ಸುಣ್ಣ, ಸಂದಿಗೆ ಡಾಕ್ಟ್ರು ಬರೆದುಕೊಟ್ಟ ಅಳತೆಯಲ್ಲಿ ಡೆಲ್ಟಾಮೆಥ್ರಿನ್. ಮೊಟ್ಟೆಯೊಳಗಿನದು ಔಷಧಿಗೆ ಸಾಯುವುದಿಲ್ಲ, ಹಾಗಾಗಿ ವಾರ ಬಿಟ್ಟು ಇನ್ನೊಮ್ಮೆ. ಕೋಳಿ ಕೂರಲು ದಬ್ಬೆಯ ಬದಲು ಕಬ್ಬಿಣದ ಪೈಪು. ಮಳೆಗಾಲದಲ್ಲಿ ಹೊರಳಾಡಲು ಒಣಮಣ್ಣು ಸಿಗುವುದಿಲ್ಲವೆಂದು ಸೂರಿನಡಿ ಹಳೆ ಟೈರಿನಲ್ಲಿ ಒಲೆ ಬೂದಿ ತುಂಬಿಟ್ಟೆವು. ಅದರಲ್ಲಿ ಚೌಡಿಯ ಹುಂಜ ಬೆಳಿಗ್ಗೆ ಹೋಗಿ ಕೂತರೆ ಮಧ್ಯಾಹ್ನದವರೆಗೆ ಬೇರೆಯವರಿಗೆ ಪ್ರವೇಶವಿಲ್ಲ.

ಹೊರಡುವಾಗ ಡಾಕ್ಟ್ರು ಇನ್ನೊಂದು ಮಾತು ಹೇಳಿದ್ದರು: ಔಷಧಿ ಆದ ಮೇಲೆ ನಾನು ಹೇಳುವವರೆಗೆ ಮೊಟ್ಟೆಯನ್ನೂ ಮಾಂಸವನ್ನೂ ಯಾರೂ ತಿನ್ನಬಾರದು. ಅತ್ತೆ ಹರಕೆಯನ್ನು ಬರುವ ಮಂಗಳವಾರಕ್ಕೇ ಗೊತ್ತು ಮಾಡಿ, ಊರಿಗೆಲ್ಲ ಹೇಳಿಯಾಗಿತ್ತು. "ಅಮ್ಮ, ಈ ನಿಯಮ ಚೌಡಿಗೂ ಅನ್ವಯಿಸುತ್ತೇನೋ?" ಎಂದು ಇವರು ಹೆದರುತ್ತಾ ಕೇಳಿದರು.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಯೋಚಿಸಿದರು. "ಚೌಡಿ ಎಲ್ಲಿ ತಿಂತಾಳೋ? ತಿನ್ನೋರು ನೀವೇ ಅಲ್ವನಾ. ಅವಳಿಗೆ ಮಂಗಳವಾರ, ನಿಮಗೆ ಬರೀ ಅನ್ನ-ಸಾರು."

ಇವರು ಹೋಗಿ ಮಂಗಳವಾರವನ್ನೇ ಮುಂದಕ್ಕೆ ಹಾಕಿಸಿಕೊಂಡು ಬಂದರು.