ಒಬ್ಬಳೇ ಬಂದವಳಿಗೆ ಕೂತು ಉಣ್ಲಿಕ್ಕೆ ಟೇಬಲ್ ಇಲ್ವಂತೆ

ಸಿಟ್ಟು ಇನ್ನೂ ಇಳಿದಿಲ್ಲ ಮಾರಾಯ್ರೇ, ಬರೆದದ್ದು ಹಿಂದೆ ಮುಂದೆ ಆದ್ರೆ ಆಗ್ಲಿ. ಥೀಮ್ ಪಾರ್ಕಿಗೆ ಒಬ್ಬಳೇ ಹೋದ್ರೆ ಗೇಟಲ್ಲಿ ಟಿಕೆಟಿಗೆ ಪೂರ್ತಿ ದುಡ್ಡು ತಗೊಳ್ತಾರೆ, ಅಲ್ಲಿ ಯಾರೂ ಮುಖ ಸಿಂಡರಿಸುದಿಲ್ಲ. ನಾಲ್ಕು ಜನ ಹಂಚಿಕೊಳ್ಳುವ ಲಾಕರಿಗೆ ನಾನೊಬ್ಳೇ ಪೂರ್ತಿ ಬಾಡಿಗೆ ಕೊಡುದು, ಅದಕ್ಕೂ ಯಾರದ್ದೂ ತಕರಾರಿಲ್ಲ. ರೈಡ್ ಹತ್ರ ಅಂತೂ ಕೇಳುದೇ ಬೇಡ, ಮೂರು ಜನರ ಫ್ಯಾಮಿಲಿ ಬಂದು ನಾಲ್ಕನೇ ಸೀಟು ಖಾಲಿ ಉಳಿದ್ರೆ "ಸಿಂಗಲ್ ಯಾರುಂಟು ಸಿಂಗಲ್" ಅಂತ ಕ್ಯೂವಿನ ಹಿಂದಿಂದ ಕರೆದು ಕೂರಿಸ್ತಾರೆ. ಅದೇ ಕಾಂಪೌಂಡಿನ ಒಳಗೆ ಮಧ್ಯಾಹ್ನ ಕೂತು ಉಣ್ಣುವ ರೆಸ್ಟೋರೆಂಟಿನ ಬಾಗಿಲಿಗೆ ಹೋಗಿ ನಿಂತ್ರೆ ಅದೇ ಸಿಂಗಲ್ ಪೀಡೆ ಆಗ್ತಾಳೆ.

ಕೊಚ್ಚಿಯಲ್ಲಿ ಆಫೀಸಿನ ಟ್ರೈನಿಂಗ್ ಇತ್ತು, ಶನಿವಾರ ಮುಗೀತು, ಭಾನುವಾರ ಕಾಸರಗೋಡಿಗೆ ವಾಪಸ್ ಬರುವ ಬದ್ಲು ಆ ಕಡೆಯ ಒಂದು ಪಾರ್ಕಿಗೆ ಹೋಗುವ ಅಂತ ಅಂದ್ಕೊಂಡೆ. ಅಕ್ಕನನ್ನು ಕರೆದೆ, ಮಕ್ಕಳಿಗೆ ಜ್ವರ. ಅಣ್ಣ ಬದಿಯಡ್ಕದಲ್ಲಿ, ಮಳೆ ಎರಡು ದಿನ ಬಿಟ್ಟಿದೆ, ಅಡಿಕೆಗೆ ಮದ್ದು ಬಿಡುವ ಜನ ಅಂತೂ ಸಿಕ್ಕಿದ್ದಾರೆ, ಈಗ ಪಾರ್ಕಾ ನಿಂಗೆ ಅಂತ ಬೈದ. ಸರಿ, ಒಬ್ಳೇ ಹೋದೆ. ಹೋದದ್ದರಲ್ಲಿ ಎಂತ ತಪ್ಪುಂಟು? ಬೆಳಗ್ಗಿಂದ ನೀರಲ್ಲಿ ಬಿದ್ದು ಎದ್ದು ಹೊಟ್ಟೆ ಚುರುಗುಟ್ಟುವಾಗ ನಂಗೆ ಬೇಕಾದದ್ದು ಒಂದು ಕುರ್ಚಿ, ಫ್ಯಾನ್ ಗಾಳಿ, ಬಿಸಿ ಅನ್ನ, ಮೀನ್ ಕರಿ. ಪ್ಲಾಸ್ಟಿಕ್ ತಟ್ಟೆಯ ಫ್ರೈಡ್ ರೈಸ್ ಹಿಡ್ಕೊಂಡು ಒದ್ದೆ ಬೆಂಚು ಹುಡುಕ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ ನಾನು?

ಬಾಗಿಲಲ್ಲಿ ನಿಂತ ಹುಡುಗ "ಎತ್ರ ಪೇರುಂಡ್ ಚೇಚೀ?" ಅಂದ, ಎಷ್ಟು ಜನ ಅಂತ. ಒರಾಳ್, ಒಬ್ಳೇ ಅಂದೆ. ನನ್ನ ಹಿಂದೆ ಯಾರಾದ್ರೂ ಬರ್ತಿದ್ದಾರಾ ಅಂತ ಎರಡು ಸಲ ಬಗ್ಗಿ ನೋಡಿದ, ಆಮೇಲೆ "ಅವಿಡೆ ಕೌಂಟರ್ ಉಂಡಲ್ಲೋ" ಅಂತ ಕೈ ತೋರಿಸಿದ. ಕೌಂಟರ್ ಇರುದು ನಂಗೂ ಕಾಣ್ತದೆ ತಮ್ಮಾ, ಕಣ್ಣುಂಟು. ನಂಗೆ ಕೂತು ಉಣ್ಬೇಕು ಅಂದೆ. ಒಳಗೆ ಇಬ್ಬರು ಕೂರುವ ಟೇಬಲ್ ಖಾಲಿ ಇತ್ತು, ಕಿಟಕಿ ಪಕ್ಕ. ಅದು ಕಪಲ್‌ಗೆ ಅಂತೆ! ಕೊನೆಗೆ ನಂಗೆ ಸಿಕ್ಕಿದ್ದು ಕೈ ತೊಳೆಯುವ ಬೇಸಿನ್ ಪಕ್ಕದ ಟೇಬಲ್, ಉಣ್ಣುವಷ್ಟು ಹೊತ್ತೂ ಯಾರ್ಯಾರೋ ಬಾಯಿ ಮುಕ್ಕಳಿಸುವ ಸದ್ದು.

ಮೆನು ಕೇಳಿದ್ರೆ ಟೇಬಲಿಗೆ ಅಂಟಿಸಿದ ಕ್ಯೂಆರ್ ಕೋಡ್ ತೋರಿಸ್ತಾರೆ. ನೀರಿನ ಪಾರ್ಕಲ್ಲಿ ಫೋನ್ ಎಲ್ಲಿರ್ತದೆ ಸ್ವಾಮೀ, ಲಾಕರಲ್ಲಿ ಅಲ್ವಾ? ಫ್ಯಾಮಿಲಿಯಾದ್ರೆ ನೀರಿಗಿಳಿಯದ ಅಜ್ಜಿಯೋ ಮಾವನೋ ಇರ್ತಾರೆ, ಎಲ್ಲರ ಫೋನು, ಟವೆಲು, ಚಪ್ಪಲಿ ಅವರ ಮಡಿಲಲ್ಲಿ. ನಂಗೆ ಯಾರಿದ್ದಾರೆ? ಒದ್ದೆ ಬಟ್ಟೆಯಲ್ಲಿ ಒಳಗೆ ಬಿಡುದಿಲ್ಲ ಅಂತ ಬೋರ್ಡ್ ಹಾಕಿದ್ರು ಅಂತ ಮೊದಲೇ ಲಾಕರಿಗೆ ಹೋಗಿ ಬಟ್ಟೆ ಬದಲಿಸಿ ಬಂದವಳು, ಈಗ ಫೋನಿಗಾಗಿ ಮತ್ತೆ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಈ ಬೇಸಿನ್ ಪಕ್ಕದ ಟೇಬಲೂ ಹೋಗ್ತದೆ. ಕಾಗದದ ಮೆನು ಒಂದು ಇಡ್ಲಿಕ್ಕೆ ಎಂತ ಖರ್ಚು ಬರ್ತದೆ ಇವರಿಗೆ?

ಹುಡುಗ ಬಾಯಲ್ಲೇ ಹೇಳ್ತಾ ಹೋದ. ಫ್ಯಾಮಿಲಿ ಪ್ಲ್ಯಾಟರ್, ನಾಲ್ಕು ಜನಕ್ಕೆ. ಬಿರಿಯಾನಿ ಕಾಂಬೋ, ಇಬ್ಬರಿಗೆ. ಕರಿಮೀನ್ ಪೊಳ್ಳಿಚ್ಚದು, ಅಂದ್ರೆ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಮೀನು, ಉಂಟು, ಅದರ ಜೊತೆ ಅಪ್ಪವೂ ಬೇಕು, ಒಂದು ಕರಿಯೂ ಬೇಕು ಅಂದ್ರೆ ಕರಿ ಫುಲ್ ಮಾತ್ರ, ಹಾಫ್ ಇಲ್ಲ. ಊಣ್, ಅನ್ನದ ಊಟ, ಇಲ್ವಾ ಅಂದ್ರೆ ಅದು ಕೌಂಟರಲ್ಲಿ ಅಂತೆ. ಸುಮ್ನೆ ಪೊಳ್ಳಿಚ್ಚದೂ ಅಪ್ಪವೂ ತರ್ಲಿಕ್ಕೆ ಹೇಳಿದೆ, ಮೀನು ಚೆನ್ನಾಗಿತ್ತು, ಸುಳ್ಳು ಹೇಳ್ಬಾರ್ದು, ಬಾಳೆಲೆ ಬಿಡಿಸಿದಾಗ ಬಂದ ಪರಿಮಳಕ್ಕೆ ಅರ್ಧ ಸಿಟ್ಟು ಹೋಗಿತ್ತು. ಅರ್ಧ ಮೀನು ಬಾಕಿ ಇರುವಾಗ ನೀರಿನ ಜಗ್ಗು ತರ್ಲಿಕ್ಕೆ ಎದ್ದು ಹೋದೆ, ಯಾಕಂದ್ರೆ ಮೂರು ಸಲ ಕರೆದ್ರೂ ಯಾರೂ ಬರ್ಲಿಲ್ಲ. ತಿರುಗಿ ಬರುವಾಗ ಟೇಬಲ್ ಒರೆಸ್ತಾ ಇದ್ದಾರೆ! ತಟ್ಟೆ ಇಲ್ಲ, ಮೀನಿಲ್ಲ, ಎಂತದೂ ಇಲ್ಲ. "ಆರುಮಿಲ್ಲಾಯಿರುನ್ನು" ಅಂತೆ, ಯಾರೂ ಇರ್ಲಿಲ್ಲವಂತೆ. ನೀರು ಕರೆದು ಕೇಳುವಾಗ ಬಾರದವರು ತಟ್ಟೆ ಎತ್ತಲಿಕ್ಕೆ ಎಷ್ಟು ಚುರುಕು ನೋಡಿ. ಇಬ್ಬರಿದ್ರೆ ಒಬ್ಬರು ಕಾವಲು ಕೂರ್ತಾರೆ, ಒಬ್ಬಳೇ ಇದ್ದವಳು ಕುರ್ಚಿಗೆ ತನ್ನನ್ನೇ ಕಟ್ಟಿ ಹಾಕ್ಬೇಕಾ?

ಚಿಕ್ಕಮ್ಮನ ಮಗಳು ಅಮೇರಿಕದಲ್ಲಿದ್ದಾಳೆ, ಫ್ಲೋರಿಡಾದ ಡಿಸ್ನಿ ವರ್ಲ್ಡಿಗೆ ಒಬ್ಳೇ ಹೋಗಿ ಬಂದವಳು. ಅಲ್ಲಿ ಎಕ್ಸ್‌ಪೆಡಿಶನ್ ಎವರೆಸ್ಟ್ ಅಂತ ಒಂದು ರೋಲರ್ ಕೋಸ್ಟರ್, ಅದಕ್ಕೆ ಒಬ್ಬೊಬ್ಬರೇ ಬಂದವರಿಗೆ ಬೇರೆಯೇ ಕ್ಯೂ. ಊಟಕ್ಕೆ 60 ದಿನ ಮೊದಲೇ ಟೇಬಲ್ ಬುಕ್ ಮಾಡ್ಬಹುದು, ಎಷ್ಟು ಜನ ಅನ್ನುವಲ್ಲಿ 1 ಒತ್ತಿದ್ರೆ ಅದೂ ನಡೀತದೆ. ಎಪ್‌ಕಾಟ್ ಅನ್ನುವ ಪಾರ್ಕಲ್ಲಿ ಜರ್ಮನಿಯದ್ದು ಅಂತ ಬಿಯರ್‌ಗಾರ್ಟನ್ ಉಂಟು, ಉದ್ದುದ್ದ ಟೇಬಲ್, ಗುರುತಿಲ್ಲದವರನ್ನೆಲ್ಲ ಒಟ್ಟಿಗೇ ಕೂರಿಸ್ತಾರೆ, ನಮ್ಮ ದೇವಸ್ಥಾನದ ಊಟದ ಪಂಕ್ತಿ ಹಾಗೆಯೇ, ಪಕ್ಕದವ ಯಾವ ಊರಿನವ ಅಂತ ಸಾರು ಬರುವಾಗ ಗೊತ್ತಾದ್ರೆ ಸಾಕು. ಜಪಾನಿನದ್ದು ತೆಪ್ಪಾನ್ ಎಡೋ ಅಂತ ಇನ್ನೊಂದು, ಕಾದ ಕಬ್ಬಿಣದ ಕಾವಲಿಯ ಸುತ್ತ ಬೇರೆ ಬೇರೆ ಗುಂಪಿನವರು ಕೂರುದು, ಎದುರಲ್ಲೇ ಬೇಯಿಸಿ ಹಾಕ್ತಾರೆ. ಅಲ್ಲಿ ಎಲ್ಲ ಪುಕ್ಕಟೆ ಅಂತ ನಾನು ಹೇಳುದಿಲ್ಲ, ಬುಕ್ ಮಾಡಿ ಹೋಗದಿದ್ರೆ ಹೆಚ್ಚಿನ ಕಡೆ ತಲೆಗೆ 10 ಡಾಲರ್ ಕಿತ್ಕೊಳ್ತಾರೆ. ಆದ್ರೆ ತಲೆ ಲೆಕ್ಕ ಅಲ್ವಾ, ಒಂದು ತಲೆಯನ್ನೂ ತಲೆ ಅಂತ ಲೆಕ್ಕಕ್ಕೆ ತಗೊಂಡ ಹಾಗಾಯ್ತು.

ದೂರ ಯಾಕೆ, ನಮ್ಮ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ರದ ಯಾವ ಸಾದಾ ಹೋಟೆಲಿಗೆ ಬೇಕಾದ್ರೂ ಹೋಗಿ, "ಇಲ್ಲಿ ಯಾರಾದ್ರೂ ಉಂಟಾ" ಅಂತ ಕೇಳಿ ಎದುರಿನ ಕುರ್ಚಿ ಎಳ್ಕೊಂಡು ಕೂತ್ರೆ ಆಯ್ತು, ಕುಚ್ಚಲಕ್ಕಿ ಅನ್ನ ಬಂದು ಬೀಳ್ತದೆ. ದುಡ್ಡು ಜಾಸ್ತಿ ಕೊಟ್ಟಷ್ಟೂ ಈ ಎಷ್ಟು ಜನ ಅನ್ನುವ ಪ್ರಶ್ನೆ ದೊಡ್ಡದಾಗ್ತಾ ಹೋಗ್ತದೆ.

ಬಿಲ್ ಬಂತು, ನೋಡ್ತೇನೆ, ಅದರಲ್ಲಿ ಸರ್ವಿಸ್ ಚಾರ್ಜ್! ಯಾವ ಸರ್ವಿಸಿಗೆ, ಮೀನು ಎತ್ಕೊಂಡು ಹೋದದ್ದಕ್ಕಾ? ಇಲ್ಲಿ ಮಾತ್ರ ಬಿಡ್ಲಿಲ್ಲ ನಾನು. 2022ರ ಜುಲೈಯಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬಿಲ್ಲಿಗೆ ಸರ್ವಿಸ್ ಚಾರ್ಜ್ ತಾವಾಗಿ ಸೇರಿಸ್ಬಾರ್ದು ಅಂತ ಹೇಳಿದೆ, ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದ್ರೂ 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿದಿದೆ. ಮ್ಯಾನೇಜರನ್ನು ಕರೆದು ಇಷ್ಟು ಹೇಳಿ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಲಾ ಅಂತ ಕೇಳಿದೆ (ಫೋನ್ ಲಾಕರಲ್ಲಿತ್ತು, ಅದು ಅವನಿಗೇನು ಗೊತ್ತು). ಮುಖ ಉಬ್ಬಿಸ್ಕೊಂಡೇ ತೆಗೆದ. ಮೀನಿಗೆ ಮಾತ್ರ ಪೂರ್ತಿ ದುಡ್ಡು.

ಇನ್ನು ಯಾರಾದ್ರೂ ಒಬ್ಬರೇ ಹೋಗುವವರಿದ್ರೆ, ಒಂದು ಗಂಟೆಗೆ ಹೋಗ್ಬೇಡಿ, ಹನ್ನೆರಡರ ಒಳಗೆ ಹೋಗಿ, ಆಗ ಖಾಲಿ ಟೇಬಲ್ ನೋಡಿ ಅವರೇ ಕರೀತಾರೆ. ಗೋಡೆಗೆ ಮುಖ ಮಾಡಿ ಸ್ಟೂಲ್ ಸಾಲು ಇಟ್ಟ ಹೋಟೆಲಾದ್ರೆ ಒಳ್ಳೇದು. ಬಫೆ ಬೇಡವೇ ಬೇಡ, ಎರಡನೇ ಸಲ ಬಡಿಸ್ಕೊಂಡು ಬರುವಾಗ ನಿಮ್ಮ ಜಾಗದಲ್ಲಿ ಒಂದು ಇಡೀ ಕುಟುಂಬ ಇರ್ತದೆ. ಹೀಗೆಲ್ಲ ಕಳ್ಳರ ಹಾಗೆ ಪ್ಲಾನ್ ಮಾಡಿ ಉಣ್ಬೇಕಾದ ಕರ್ಮ ಯಾಕೆ ಅಂತ ಮಾತ್ರ ನನ್ನ ಹತ್ರ ಕೇಳ್ಬೇಡಿ.

ಅತ್ತೆಗೆ ಹೇಳಿದ್ರೆ ಬುತ್ತಿ ಕಟ್ಕೊಂಡು ಹೋಗ್ಬಾರ್ದಿತ್ತಾ ಅಂದ್ರು. ಹೊರಗಿನ ತಿಂಡಿ ಒಳಗೆ ಬಿಡುದಿಲ್ಲ ಅತ್ತೆ, ಗೇಟಲ್ಲೇ ಬ್ಯಾಗ್ ತೆರೆದು ನನ್ನ ಬಾಳೆಕಾಯಿ ಚಿಪ್ಸಿನ ಪ್ಯಾಕೆಟನ್ನೂ ತೆಗೆದಿಟ್ಕೊಂಡ್ರು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಾಗಾದ್ರೆ ನೀನು ಯಾರನ್ನಾದ್ರೂ ಒಟ್ಟಿಗೆ ಕರ್ಕೊಂಡು ಹೋಗ್ಬೇಕಿತ್ತು" ಅಂದ್ರು. ಫೋನ್ ಇಟ್ಟೆ.